ಸಹಾಯ ಬೇಕು: 'ಒಥೆಲೋ' ನಾಟಕದ ಎಮಿಲಿಯಾ ಯಾಕೆ ಬಾಯಿ ಬಿಡುವುದಿಲ್ಲ?

ಎಲ್ಲರಿಗೂ ನಮಸ್ಕಾರ. ಷೇಕ್ಸ್‌ಪಿಯರ್‌ನ 'ಒಥೆಲೋ'ದಲ್ಲಿ ಬರುವ ಮೋಸದ ಬಗ್ಗೆ ಎಂ.ಎ. ತರಗತಿಗೆ ಪ್ರಬಂಧ ಬರೆಯುತ್ತಿದ್ದೇನೆ. ಸೇನಾಪತಿ ಒಥೆಲೋನ ಕೈಕೆಳಗಿನ ಅಧಿಕಾರಿ, ಎಮಿಲಿಯಾಳ ಗಂಡ ಇಯಾಗೋನ ಭಾಗ ಮುಗಿದಿದೆ. ಅವನು ನೇರವಾಗಿ ಸುಳ್ಳು ಹೇಳುವುದಕ್ಕಿಂತ ಅರ್ಧ ಮಾತಾಡಿ ನಿಲ್ಲಿಸುವುದೇ ಜಾಸ್ತಿ ಅಪಾಯ, ಅಲ್ವಾ? 3ನೇ ಅಂಕದ 3ನೇ ದೃಶ್ಯದಲ್ಲಿ ಒಥೆಲೋನ ಹೆಂಡತಿ ಡೆಸ್ಡಿಮೋನಾಳ ಬಳಿಯಿಂದ ಅವನ ಉಪಸೇನಾನಿ ಕ್ಯಾಸಿಯೋ ಹೊರಟಿದ್ದನ್ನು ನೋಡಿ, ಇದು ನನಗೆ ಹಿಡಿಸಲಿಲ್ಲ ಅಂತ ಗೊಣಗುತ್ತಾನೆ. ಒಥೆಲೋ ಕೇಳಿದರೆ ಏನಿಲ್ಲ ಅನ್ನುತ್ತಾನೆ. ಹೆಂಡತಿಗೂ ಕ್ಯಾಸಿಯೋಗೂ ಏನೋ ನಂಟಿದೆ ಅನ್ನುವ ಉಳಿದ ಕಥೆಯನ್ನೆಲ್ಲ ಒಥೆಲೋನ ಮನಸ್ಸೇ ಕಟ್ಟಿಕೊಳ್ಳುತ್ತದೆ.

ನಾನು ಸಿಕ್ಕಿಕೊಂಡಿರುವುದು ಎಮಿಲಿಯಾ ಹತ್ತಿರ. ಒಥೆಲೋ ಡೆಸ್ಡಿಮೋನಾಗೆ ಕೊಟ್ಟಿದ್ದ ಸ್ಟ್ರಾಬೆರಿ ಕಸೂತಿಯ ಕರವಸ್ತ್ರ, ಡೆಸ್ಡಿಮೋನಾಳ ಸಖಿಯಾದ ಅವಳ ಕೈಗೇ ಸಿಗುತ್ತದೆ. ಗಂಡ ಎಷ್ಟೋ ಸಲ ಕೇಳಿದ್ದ ಅಂತ ಅವನಿಗೆ ಕೊಡುತ್ತಾಳೆ. ಮುಂದಿನ ದೃಶ್ಯದಲ್ಲಿ ಅದು ಎಲ್ಲಿ ಕಳೆಯಿತೋ ಎಂದು ಡೆಸ್ಡಿಮೋನಾ ಕೇಳಿದಾಗ, ಗೊತ್ತಿಲ್ಲ ಅಮ್ಮಾ ಅನ್ನುತ್ತಾಳೆ. ಅದೇ ಕರವಸ್ತ್ರಕ್ಕಾಗಿ ಒಥೆಲೋ ಹೆಂಡತಿಯ ಮೇಲೆ ಕೂಗಾಡುವುದನ್ನು ಕಣ್ಣಾರೆ ನೋಡಿಯೂ ತೆಪ್ಪಗಿರುತ್ತಾಳೆ. ಅಂಥವಳು ಕೊನೆಯಲ್ಲಿ ಸತ್ಯ ಹೇಳಿ ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ! ಇದು ಗಂಡನ ಹೆದರಿಕೆಯೇ, ಅವನ ಮೇಲಿನ ನಂಬಿಕೆಯೇ? ಇಲ್ಲಾ ಸುಮ್ನೆ ಕಥೆ ಸಾಗಲಿ ಅಂತ ಮಾಡಿದ್ದೇ? ಕೊನೆಯದನ್ನು ನನ್ನ ಮನಸ್ಸು ಒಪ್ಪುತ್ತಿಲ್ಲ.

ಈ ನಾಟಕ ಪಾಠ ಮಾಡಿದವರು, ಎಮಿಲಿಯಾ ಪಾತ್ರ ಮಾಡಿದವರು ಇಲ್ಲಿದ್ದೀರಾ? ಆ ಮೌನವನ್ನು ರಂಗದ ಮೇಲೆ ಹೇಗೆ ತೋರಿಸಿದಿರಿ? 4ನೇ ಅಂಕದ ಕೊನೆಯಲ್ಲಿ, ಹೆಂಡತಿ ತಪ್ಪಿದರೆ ಅದು ಗಂಡನದೇ ತಪ್ಪು ಅಂತ ಅವಳು ಹೇಳುತ್ತಾಳಲ್ಲ, ಆ ಮಾತಿಗೂ ಈ ಮೌನಕ್ಕೂ ನಂಟು ಕಾಣುತ್ತದೆಯೇ? ದಯವಿಟ್ಟು ಸ್ವಲ್ಪ ಬಿಡಿಸಿ ಬರೆಯಿರಿ. ತುಂಬಾ ಉಪಕಾರವಾಗುತ್ತದೆ.