ಮಾಲೆ ಹಾಕಿದ ಎರಡನೆಯ ದಿನ ಬಂದ ಫಿಟ್ಸ್: ವೈದ್ಯರೊಡನೆ ಪ್ರಶ್ನೋತ್ತರ

ಪ್ರಶ್ನೆ (ಬೇಲೂರು ತಾಲ್ಲೂಕಿನ ಸಹೋದರಿಯೊಬ್ಬರಿಂದ): ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನನ್ನ ತಮ್ಮನಿಗೆ 26 ವರ್ಷ. ಕಾಫಿ ತೋಟದಲ್ಲಿ ರೈಟರ್ ಕೆಲಸ ಮಾಡುತ್ತಾನೆ. ಮೊದಲು ಬಟವಾಡೆಯ ದಿನ ಮಾತ್ರ ಕುಡಿಯುತ್ತಿದ್ದವನು ಕಳೆದ ಒಂದು ವರ್ಷದಿಂದ ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಿದ್ದ. ಕೈ ನಡುಗುತ್ತದೆಂದು ಬೆಳಿಗ್ಗೆ ಎದ್ದ ಕೂಡಲೇ ಸ್ವಲ್ಪ ಕುಡಿಯುವುದೂ ಶುರುವಾಗಿತ್ತು. ಈ ಸಲ ಯಾರೂ ಹೇಳದೆ ತಾನಾಗಿಯೇ ಕುಡಿತ ಬಿಟ್ಟು ಅಯ್ಯಪ್ಪ ಸ್ವಾಮಿಯ ಮಾಲೆ ಹಾಕಿಸಿಕೊಂಡ. ನಮಗೆಲ್ಲ ಎಷ್ಟೋ ಸಂತೋಷವಾಗಿತ್ತು. ಆದರೆ ಎರಡನೆಯ ದಿನವಾದ ಇಂದು ಬೆಳಿಗ್ಗೆ ಸ್ನಾನ ಮುಗಿಸಿ ಬರುವಾಗ ಅಂಗಳದಲ್ಲಿ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಎರಡು ಮೂರು ನಿಮಿಷ ಹಾಗೇ ಇತ್ತು. ಕೈಗೆ ಬೀಗದ ಕೈ ಕೊಟ್ಟೆವು. ಈಗ ಎದ್ದು ಕುಳಿತಿದ್ದಾನೆ, ಆದರೆ ಮೈಯೆಲ್ಲ ಬೆವರುತ್ತಿದೆ, ನಿದ್ದೆಯಿಲ್ಲ. ವ್ರತದಲ್ಲಿ ಏನೋ ಅಪಚಾರವಾಗಿದೆ ಎಂದು ಕೆಲವರು ಹೇಳುತ್ತಾರೆ. ಸಂಬಂಧಿಕರೊಬ್ಬರು ಒಂದು ನೈಂಟಿ ಕುಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಇದು ಮೂರ್ಛೆರೋಗವೇ? ಜೀವನಪೂರ್ತಿ ಮಾತ್ರೆ ನುಂಗಬೇಕೇ?

ಉತ್ತರ: ತಾಯಿ, ಮೊದಲು ಅವನನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಗಾಗಲಿ, ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗಾಗಲಿ, ನಿಮಗೆ ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಎಷ್ಟು ಕುಡಿಯುತ್ತಿದ್ದ, ಕೊನೆಯ ಬಾರಿ ಯಾವಾಗ ಕುಡಿದ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ನಾಚಿಕೆಯಿಂದ ಕುಟುಂಬದವರು ಈ ಎರಡು ವಿಷಯ ಮರೆಮಾಡುವುದರಿಂದಲೇ ಚಿಕಿತ್ಸೆ ದಾರಿ ತಪ್ಪುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ನೀವು ವಿವರಿಸಿದ್ದು ದಿನವೂ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದಾಗ ಬರುವ ಫಿಟ್ಸ್‌ಗೆ ಬಹುಮಟ್ಟಿಗೆ ಹೊಂದುತ್ತದೆ. ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಗಳೊಳಗೆ ಇದು ಕಾಣಿಸಿಕೊಳ್ಳುವುದು ಸಾಮಾನ್ಯ. ದೇವರ ಕೋಪಕ್ಕೂ ಇದಕ್ಕೂ ಸಂಬಂಧವಿಲ್ಲ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ನಿಮ್ಮ ತಮ್ಮನ ಮಿದುಳು ಒಂದು ವರ್ಷ ಕಾಲ ದಿನಕ್ಕೆ ಅದರ ಇಮ್ಮಡಿಯನ್ನು ಹೊತ್ತಿದೆ. ಆಲ್ಕೋಹಾಲ್ ನರಕೋಶಗಳನ್ನು ಮಂಕಾಗಿಸುತ್ತದೆ. ಅದನ್ನು ಎದುರಿಸಿ ಎಚ್ಚರವಾಗಿರಲು ಮಿದುಳು ತನ್ನನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ತಗ್ಗಿಸಿಕೊಂಡು, ಕೆರಳಿಸುವ ಗ್ಲುಟಮೇಟಿನ ಪ್ರಭಾವವನ್ನು ಹೆಚ್ಚಿಸಿಕೊಳ್ಳುತ್ತದೆ. ಬಗ್ಗಿಸಿ ಹಿಡಿದ ಬಿದಿರಿನ ಗಳವನ್ನು ಫಕ್ಕನೆ ಕೈಬಿಟ್ಟರೆ ಅದು ಹೇಗೆ ಚಿಮ್ಮುತ್ತದೆಯೋ ಹಾಗೆ, ಮದ್ಯ ಒಮ್ಮೆಗೇ ನಿಂತಾಗ ಆ ಕೆರಳಿಕೆಗೆ ತಡೆಯೇ ಇರುವುದಿಲ್ಲ. ಬೆಳಗಿನ ಕೈನಡುಕ ಅದರ ಮೊದಲ ಸೂಚನೆಯಾಗಿತ್ತು. ವ್ರತದ ಒಪ್ಪೊತ್ತಿನ ಊಟವೂ ನಿದ್ದೆಗೇಡೂ ಜೊತೆಗೂಡಿ, ರಕ್ತದ ಸಕ್ಕರೆ ಇಳಿದಿದ್ದರೆ ಅಪಾಯ ಇನ್ನೂ ಹೆಚ್ಚು.

ನಾನು ಅವಸರ ಮಾಡುತ್ತಿರುವುದಕ್ಕೆ ಕಾರಣ ಬರಲಿರುವ ದಿನಗಳು. ಕುಡಿತ ನಿಲ್ಲಿಸಿದ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ದಿಕ್ಕು ತೋಚದಂತಾಗುತ್ತದೆ; ಗೋಡೆಯ ಮೇಲೆ ಹುಳು ಹರಿದಂತೆ, ಇಲ್ಲದವರು ಎದುರು ನಿಂತಂತೆ ಕಾಣುತ್ತದೆ, ಜ್ವರ ಬರುತ್ತದೆ, ಎದೆಬಡಿತ ಏರುತ್ತದೆ. ಇದನ್ನು ದೆವ್ವ ಮೆಟ್ಟಿದೆ ಎಂದು ತಿಳಿದು ಮನೆಯಲ್ಲಿ ಕೂಡಿಹಾಕಿದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಲೋರಾಜೆಪಾಮ್, ಡಯಾಜೆಪಾಮ್, ಕ್ಲೋರ್ಡಯಜೆಪಾಕ್ಸೈಡ್ ಗುಂಪಿನ ಔಷಧವನ್ನು ಕೊಟ್ಟು, ಕೆಲವು ದಿನಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಥಯಮಿನ್ ಎಂಬ ಬಿ1 ಜೀವಸತ್ವವನ್ನು ಸಾಮಾನ್ಯವಾಗಿ ಇಂಜೆಕ್ಷನ್ ಮೂಲಕ ಕೊಡುತ್ತಾರೆ, ಏಕೆಂದರೆ ಬಹಳ ಕುಡಿಯುವವರಲ್ಲಿ ಅದರ ಕೊರತೆಯಿಂದ ಕಣ್ಣಿನ ಚಲನೆ, ನಡಿಗೆ ಮತ್ತು ನೆನಪಿನ ಶಕ್ತಿಗೆ ಶಾಶ್ವತ ಹಾನಿಯಾಗಬಹುದು. ಲೋರಾಜೆಪಾಮ್ ಗುಂಪಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಇವುಗಳ ಮೇಲೆ ಮದ್ಯ ಬಿದ್ದರೆ ಉಸಿರೇ ನಿಲ್ಲುವ ಸಂಭವವಿದೆ.

ನೈಂಟಿ ಕುಡಿಸಿದರೆ ನಡುಕ ಸ್ವಲ್ಪ ಹೊತ್ತು ನಿಲ್ಲುವುದು ನಿಜ, ಆದ್ದರಿಂದಲೇ ನಿಮ್ಮ ಸಂಬಂಧಿಕರು ಅದನ್ನು ನಂಬಿದ್ದಾರೆ. ಆದರೆ ಫಿಟ್ಸ್ ಬಂದು ಮಂಪರಿನಲ್ಲಿರುವವನಿಗೆ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಮತ್ತೆ ಕುಡಿದು ಮತ್ತೆ ಹಠಾತ್ತನೆ ಬಿಡುವುದೂ ಸಾಮಾನ್ಯ ವಿಷಯವಲ್ಲ: ಹೀಗೆ ಪ್ರತಿ ಸಲ ಬಿಟ್ಟಾಗಲೂ ಫಿಟ್ಸ್ ಬರುವ ಸಾಧ್ಯತೆ ಹಿಂದಿನ ಸಲಕ್ಕಿಂತ ಹೆಚ್ಚುತ್ತ ಹೋಗುತ್ತದೆ.

ಇದು ಮೂರ್ಛೆರೋಗವೇ ಎಂಬ ಪ್ರಶ್ನೆಗೆ ಪರೀಕ್ಷೆಯಿಲ್ಲದೆ ಯಾರೂ ಉತ್ತರ ಹೇಳಬಾರದು. ಕುಡುಕನಿಗೆ ಬಂದದ್ದೆಲ್ಲ ಕುಡಿತದಿಂದಲೇ ಎಂದು ಕೈತೊಳೆದುಕೊಳ್ಳುವುದು ದೊಡ್ಡ ತಪ್ಪು. ಅಮಲಿನಲ್ಲಿ ಹಿಂದೆಂದೋ ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನಮ್ಮ ದೇಶದ ಯುವಕರಲ್ಲಿ ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಗಂಟಾಗಿ ಕುಳಿತು ಫಿಟ್ಸ್ ಬರಿಸುವುದೂ ಉಂಟು. ಅದರ ಮೊಟ್ಟೆಗಳು ಶುಚಿಯಿಲ್ಲದ ಆಹಾರ ಮತ್ತು ನೀರಿನ ಮೂಲಕ ಹೊಟ್ಟೆ ಸೇರುವುದರಿಂದ ಹಂದಿಮಾಂಸ ಮುಟ್ಟದವರಿಗೂ ಅದು ತಗಲುತ್ತದೆ. ಆದ್ದರಿಂದ ಮೊದಲ ಫಿಟ್ಸ್ ಬಂದಾಗ ತಲೆಯ ಸ್ಕ್ಯಾನ್, ರಕ್ತದ ಸಕ್ಕರೆ ಮತ್ತು ಲವಣಾಂಶಗಳ ಪರೀಕ್ಷೆ ಆಗಲೇಬೇಕು. ಬೇರೆ ಕಾರಣ ಸಿಗದೆ, ಕುಡಿತ ಬಿಟ್ಟದ್ದರಿಂದಲೇ ಬಂದದ್ದು ಎಂದು ಖಚಿತವಾದರೆ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ಬೇಕಾಗುವುದಿಲ್ಲ.

ಬೀಗದ ಕೈ, ಈರುಳ್ಳಿ, ಚಪ್ಪಲಿ ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ. ಅದು ತಾನಾಗಿ ನಿಂತದ್ದು. ಮತ್ತೆ ಬಂದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ, ಅಥವಾ ನಡುವೆ ಎಚ್ಚರವಾಗದೆ ಮತ್ತೊಂದು ಬಂದರೆ, ಅದು ಜೀವಕ್ಕೆ ಅಪಾಯ.

ಪ್ರಶ್ನೆ (ಮೂಡಿಗೆರೆಯ ತಂದೆಯೊಬ್ಬರಿಂದ): ಮೇಡಂ, ನನ್ನ ಮಗನಿಗೆ ಮೂರ್ಛೆರೋಗವಿದೆ, ಮಾತ್ರೆ ತೆಗೆದುಕೊಳ್ಳುತ್ತಾನೆ. ಹಾಸನದಲ್ಲಿ ಓದುತ್ತಿದ್ದಾನೆ. ಸ್ನೇಹಿತರ ಜೊತೆ ಕುಡಿದ ರಾತ್ರಿ, ಎರಡೂ ಸೇರಿದರೆ ವಿಷವಾಗುತ್ತದೆಂದು ಮಾತ್ರೆ ಬಿಡುತ್ತಾನಂತೆ. ಹಾಗೆ ಬಿಟ್ಟ ಎರಡು ಸಲವೂ ಮರುದಿನ ಫಿಟ್ಸ್ ಬಂದಿದೆ.

ಉತ್ತರ: ಅವನ ಭಯ ಅರ್ಥವಾಗುತ್ತದೆ, ಆದರೆ ಅದೇ ಅವನನ್ನು ಬೀಳಿಸುತ್ತಿದೆ. ಬಿಟ್ಟ ಮಾತ್ರೆ, ಕೆಟ್ಟ ನಿದ್ದೆ ಮತ್ತು ಇಳಿಯುತ್ತಿರುವ ಅಮಲು ಒಟ್ಟಿಗೆ ಕೂಡಿದಾಗ ಫಿಟ್ಸ್ ಬರಲು ಬೇರೇನೂ ಬೇಕಿಲ್ಲ. ಕುಡಿಯಬಾರದು ಎಂಬುದೇ ನನ್ನ ಸಲಹೆ, ಆದರೆ ಎಂದಾದರೂ ಕುಡಿದನೆಂದು ಮಾತ್ರೆಯನ್ನು ಮಾತ್ರ ಬಿಡಕೂಡದು. ಅವನ ವೈದ್ಯರ ಎದುರು ಬೈಗುಳದ ಭಯವಿಲ್ಲದೆ ಇದನ್ನು ಹೇಳಿಕೊಳ್ಳಲು ಬಿಡಿ. ಅವನು ಬೈಕ್ ಓಡಿಸುತ್ತಿದ್ದರೆ ನಿಲ್ಲಿಸಿ. ಚಾಲನಾ ಪರವಾನಗಿಯ ಅರ್ಜಿಯಲ್ಲಿ ಮೂರ್ಛೆರೋಗವಿದೆಯೇ, ಹಠಾತ್ತನೆ ಪ್ರಜ್ಞೆ ತಪ್ಪುತ್ತದೆಯೇ ಎಂದು ಕೇಳುವುದು ಸುಮ್ಮನಲ್ಲ.

ಪ್ರಶ್ನೆ (ಆಲೂರಿನಿಂದ): ಕುಡಿಯುವವರಿಗೇ ತಿಳಿಯದಂತೆ ಅನ್ನದಲ್ಲಿ ಬೆರೆಸಿ ಕೊಡುವ ಕುಡಿತ ಬಿಡಿಸುವ ಪುಡಿ ಸಿಗುತ್ತದೆ. ಅದು ಸುರಕ್ಷಿತವೇ?

ಉತ್ತರ: ದಯವಿಟ್ಟು ಕೊಡಬೇಡಿ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ತಿಳಿಯದೆ ಮೇಲೆ ಕುಡಿದವರಿಗೆ ಮುಖ ಕೆಂಪೇರಿ, ತೀವ್ರ ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಫಿಟ್ಸ್ ಬರುವ ಪ್ರವೃತ್ತಿ ಇರುವವರಿಗೆ ಅದು ಇನ್ನೂ ಅಪಾಯಕರ. ಕುಡಿಯುವವರ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕಾದ ಔಷಧವದು. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು.

ಮೊದಲ ಸಹೋದರಿ, ಆರು ದಿನಗಳ ನಂತರ: ಮೇಡಂ, ಆ ರಾತ್ರಿಯೇ ಒಳರೋಗಿಯಾಗಿ ಸೇರಿಸಿಕೊಂಡರು. ಸ್ಕ್ಯಾನಿನಲ್ಲಿ ಏನೂ ಇಲ್ಲ. ಮತ್ತೆ ಫಿಟ್ಸ್ ಬಂದಿಲ್ಲ, ನಾಳೆ ಮನೆಗೆ ಕಳಿಸುತ್ತಾರೆ. ಮಾಲೆ ತೆಗೆಯಬೇಕಾಯಿತೆಂದು ಬಹಳ ನೊಂದುಕೊಂಡಿದ್ದಾನೆ. ತೋಟದ ಕೆಲಸಕ್ಕೆ ಯಾವಾಗ ಕಳಿಸಬಹುದು?

ಉತ್ತರ: ನಿಮ್ಮ ಸಂದೇಶ ಓದಿ ಮನಸ್ಸು ಹಗುರವಾಯಿತು. ಲೆಕ್ಕ ಬರೆಯುವ ಕೆಲಸಕ್ಕೆ ಮುಂದಿನ ವಾರದ ತಪಾಸಣೆಯ ನಂತರ ಹೋಗಬಹುದು. ಆದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರು ಒಪ್ಪುವವರೆಗೆ ಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕುವುದು, ಒಬ್ಬನೇ ಕೆರೆಗೆ ಇಳಿಯುವುದು, ಬೈಕ್ ಓಡಿಸುವುದು ಬೇಡ. ಸ್ನಾನ ಮಾಡುವಾಗ ಬಚ್ಚಲಿನ ಚಿಲಕ ಹಾಕದಿರಲಿ. ಮಾತ್ರೆಯ ಚೀಟಿಯನ್ನು ನೀವೇ ಇಟ್ಟುಕೊಂಡು ಬರೆದಷ್ಟೇ ಕೊಡಿ. ಮಾಲೆಯ ವಿಷಯದಲ್ಲಿ ಗುರುಸ್ವಾಮಿಯವರ ಬಳಿ ನಡೆದದ್ದನ್ನೆಲ್ಲ ಹೇಳಿ. ಆರೋಗ್ಯ ಸರಿಹೋದ ಮೇಲೆ ಮುಂದಿನ ವರ್ಷ ಹಾಕಿಸಿಕೊಳ್ಳಬಹುದೇ ಎಂದು ಅವನ ಎದುರಿನಲ್ಲೇ ಕೇಳಿ. ಕುಡಿತ ಬಿಡಬೇಕೆಂದು ತಾನಾಗಿಯೇ ನಿರ್ಧರಿಸಿದವನು ಅವನು. ಮನೋವೈದ್ಯರ ಮುಂದಿನ ಭೇಟಿಯಲ್ಲಿ ಈ ಮಾತನ್ನು ತಪ್ಪದೆ ತಿಳಿಸಿ, ಮುಂದಿನ ಚಿಕಿತ್ಸೆಯನ್ನು ಯೋಜಿಸಲು ಅವರಿಗೆ ಅದು ಬೇಕಾಗುತ್ತದೆ.