‘ಹೆಚ್ಚು’ ಎಂಬ ಕ್ರಿಯಾಪದ: ತರಕಾರಿ, ಬಳೆ, ದೀಪ

ಈಳಿಗೆಮಣೆಯ ಮೇಲೆ ಕುಳಿತು ತರಕಾರಿಯನ್ನು ಹೋಳು ಮಾಡುವ ಕೆಲಸಕ್ಕೆ ನಾವು ‘ಹೆಚ್ಚು’ ಎನ್ನುತ್ತೇವೆ. ಬೆಳೆ, ಏರು, ಅಧಿಕವಾಗು ಎಂಬ ಅರ್ಥ ಕೊಡುವ ‘ಹೆಚ್ಚು’ ಕೂಡ ಅದೇ ಉಚ್ಚಾರದ್ದು. ಇವೆರಡೂ ಒಂದೇ ಧಾತುವಿನ ಎರಡು ಅರ್ಥಗಳೇ, ಅಥವಾ ಬೇರೆ ಬೇರೆ ಮೂಲದಿಂದ ಹೊರಟು ಇಂದು ರೂಪದಲ್ಲಿ ಮಾತ್ರ ಒಂದಾಗಿರುವ ಎರಡು ಧಾತುಗಳೇ ಎಂಬುದು ನನ್ನ ಪ್ರಶ್ನೆ. ನಿಘಂಟಿನ ಮುಂದೆ ಕುಳಿತಾಗ ಹುಟ್ಟಿದ ಪ್ರಶ್ನೆಯಲ್ಲ ಇದು. ಹಾಸನ ಜಿಲ್ಲೆಯ ನಮ್ಮ ಹಳ್ಳಿಯ ಮನೆಯಲ್ಲಿ ಅಜ್ಜಿಯ ಬಾಯಿಂದ ದಿನವೂ ಕೇಳುತ್ತಿದ್ದ ಕೆಲವು ವಿಲಕ್ಷಣ ಪ್ರಯೋಗಗಳಿಂದ ಹುಟ್ಟಿದ್ದು. ಆದ್ದರಿಂದ ಮೊದಲು ಆ ಪ್ರಯೋಗಗಳನ್ನು ಹೇಳಿ, ಆಮೇಲೆ ವ್ಯಾಕರಣದ ಮಾತಿಗೆ ಬರುತ್ತೇನೆ.

ನಮ್ಮ ಅಜ್ಜಿ, ಅಂದರೆ ತಂದೆಯ ತಾಯಿ, ಮನೆಯೊಳಗೆ ಆಡಬಾರದ ಮಾತುಗಳ ಒಂದು ದೊಡ್ಡ ಪಟ್ಟಿಯನ್ನೇ ನೆನಪಿನಲ್ಲಿಟ್ಟುಕೊಂಡಿದ್ದರು. ಅದರಲ್ಲಿ ಬಹುಪಾಲು ಎಲ್ಲರಿಗೂ ತಿಳಿದಿರುವಂಥದೇ. ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನಬೇಕು. ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಕೂಡದು, ಕೇಳಲೇಬೇಕಿದ್ದರೆ ‘ಎಷ್ಟು ದೂರ’ ಎನ್ನಬೇಕು. ಬಾಗಿಲನ್ನು ‘ಮುಚ್ಚು’ ಎನ್ನದೆ ‘ಮುಂದೆ ಮಾಡು’ ಎನ್ನಬೇಕು. ರಾತ್ರಿಯ ಹೊತ್ತು ಹಾವಿನ ಹೆಸರೆತ್ತದೆ ‘ಹುಳ’ ಎನ್ನಬೇಕು, ಅದು ಕಚ್ಚಿದರೂ ‘ಮುಟ್ಟಿತು’ ಎಂದೇ ಹೇಳಬೇಕು. ಮೈಮೇಲೆ ಗುಳ್ಳೆಗಳೆದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನಬೇಕು. ಸಿಡುಬು ನಮ್ಮ ದೇಶದಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು 1975ರಲ್ಲಿ. ರೋಗ ಹೋದ ಮೇಲೂ ಆ ಮಾತು ಸೀತಾಳೆ ಸಿಡುಬಿಗೆ ಅಂಟಿಕೊಂಡು ಉಳಿದಿದೆ.

ಮುಸ್ಸಂಜೆಯಲ್ಲಿ ಈ ಕಟ್ಟುಪಾಡು ಇನ್ನಷ್ಟು ಬಿಗಿಯಾಗುತ್ತಿತ್ತು. “ದೀಪ ಹಚ್ಚೋ ಹೊತ್ತಲ್ಲಿ ಇಲ್ಲ ಅನ್ನಬಾರದು ಕಣೋ ಮರಿ, ಅಸ್ತು ದೇವತೆಗಳು ಸೂರಿನ ಮೇಲೆ ಓಡಾಡ್ತಿರ್ತಾರೆ” ಎಂದು ಅಜ್ಜಿ ತಗ್ಗಿದ ದನಿಯಲ್ಲಿ ಎಚ್ಚರಿಸುತ್ತಿದ್ದರು. ನಾವು ಆಡಿದ್ದಕ್ಕೆಲ್ಲ ‘ಅಸ್ತು’, ಅಂದರೆ ಹಾಗೆಯೇ ಆಗಲಿ, ಎಂದುಬಿಡುವ ದೇವತೆಗಳು ಅವರು. ಒಂದು ಸಂಜೆ ಅನಿರೀಕ್ಷಿತವಾಗಿ ನೆಂಟರು ಬಂದರು. ಒಳಗೆ ಅಕ್ಕಿ ಮುಗಿದಿತ್ತು. ಎಂಟೊಂಬತ್ತು ವರ್ಷದ ನನ್ನ ಕೈಗೆ ಅಜ್ಜಿ ಸೇರನ್ನು ಕೊಟ್ಟು, “ನಮ್ಮನೇಲಿ ಅಕ್ಕಿ ತುಂಬಿದೆ ಅಂತ ಅಜ್ಜಿ ಹೇಳಿದ್ರು ಅಂತ ಹೇಳು” ಎಂದು ಪಕ್ಕದ ಮನೆಗೆ ಕಳಿಸಿದರು. ನಾನು ಹಾಗೆಯೇ ಹೇಳಿದೆ. ಆ ಮನೆಯ ಹಿರಿಯರು ಮರುಮಾತಿಲ್ಲದೆ ಎರಡು ಸೇರು ಅಕ್ಕಿ ಅಳೆದುಕೊಟ್ಟರು. ತುಂಬಿದೆ ಎಂದು ಹೇಳಿ ಸಾಲ ತಂದ ಆ ಸಂಜೆಯ ಬೆರಗು ಇಂದಿಗೂ ನನ್ನಲ್ಲಿ ಹಸಿಯಾಗಿಯೇ ಇದೆ. ತೆಲುಗರ ಮನೆಗಳಲ್ಲಿ ಅಕ್ಕಿ ಮುಗಿದಾಗ ‘ನಿಂಡುಕುನ್ನಾಯಿ’ ಎನ್ನುತ್ತಾರೆಂದು ಬಹಳ ವರ್ಷಗಳ ನಂತರ ತಿಳಿಯಿತು. ‘ನಿಂಡು’ ಎಂದರೆ ತುಂಬು. ಅಜ್ಜಿ ಹೇಳಿಕಳಿಸಿದ್ದೂ ಅದನ್ನೇ, ಕನ್ನಡದಲ್ಲಿ.

ಇನ್ನು ಬಳೆಯ ವಿಷಯ. ನನ್ನ ಅಕ್ಕ ಉಯ್ಯಾಲೆಯಿಂದ ಜಾರಿ ಬಿದ್ದು ಕೈಬಳೆ ಚೂರಾದಾಗ ನಾನು “ಅಜ್ಜೀ, ಅಕ್ಕನ ಬಳೆ ಒಡೆದುಹೋಯ್ತು” ಎಂದು ಕೂಗಿಕೊಂಡು ಒಳಗೆ ಓಡಿದೆ. ಅಜ್ಜಿ ಮೊದಲು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. “ಹಾಗನ್ನಬೇಡ. ಬಳೆ ಹೆಚ್ಚಿತು ಅನ್ನು” ಎಂದರು. ಅಕ್ಕನ ಮಂಡಿ ತರಚಿದ್ದನ್ನು ನೋಡಿದ್ದು ಅದಾದ ಮೇಲೆ. ಒಂದು ಬಳೆ ನಾಲ್ಕು ಚೂರಾಗಿದೆ, ಆದ್ದರಿಂದ ಹೆಚ್ಚಿದೆ ಎಂದು ನಾನು ಲೆಕ್ಕ ಹಾಕಿಕೊಂಡು ಸಮಾಧಾನಪಟ್ಟೆ. ತಾಳಿಯ ದಾರ ಹಳತಾಗಿ ಕಡಿದಾಗಲೂ ಅಜ್ಜಿ ಬಳಸುತ್ತಿದ್ದುದು ‘ಹೆಚ್ಚಿತು’ ಎಂಬ ಮಾತನ್ನೇ. ಅಡುಗೆಮನೆಯಲ್ಲಿಯೂ ಅಷ್ಟೇ. ಬದನೆಕಾಯಿಯನ್ನಾಗಲಿ ಹುರುಳಿಕಾಯಿಯನ್ನಾಗಲಿ ‘ಕತ್ತರಿಸು’ ಎಂದರೆ ಅವರಿಗೆ ಸರಿಬೀಳುತ್ತಿರಲಿಲ್ಲ. “ಕತ್ತರಿಸೋದು ಬಟ್ಟೇನ, ಕಡಿಯೋದು ಮರಾನ. ತರಕಾರೀನ ಹೆಚ್ಚಬೇಕು” ಎಂದು ತಿದ್ದುತ್ತಿದ್ದರು. ಮೂರು ಕಡೆಯೂ ಒಂದೇ ಮಾತು ಕೇಳಿದ ಹುಡುಗನಿಗೆ ಮೂರೂ ಒಂದೇ ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ: ಒಡೆಯುವುದು, ಕಡಿಯುವುದು, ಕತ್ತರಿಸುವುದು ಅಮಂಗಳ, ಅದನ್ನು ಬೆಳೆಯುವುದಾಗಿ ತಿರುಗಿಸಿ ಹೇಳಿದರೆ ಮಂಗಳ.

ಈ ಊಹೆಯನ್ನು ಬೆಂಬಲಿಸುವ ಸಾಕ್ಷ್ಯ ನೆರೆಭಾಷೆಗಳಲ್ಲಿ ಧಾರಾಳವಾಗಿದೆ. ಮರಾಠಿಯಲ್ಲಿ ಬಳೆ ಒಡೆದರೆ ‘ವಾಢವಣೇ’, ಅಂದರೆ ಬೆಳೆಸು, ಎಂಬ ಕ್ರಿಯಾಪದವನ್ನು ಬಳಸುತ್ತಾರೆ. ದೇವರ ಮುಂದೆ ತೆಂಗಿನಕಾಯಿ ಒಡೆಯುವುದಕ್ಕೂ ‘ನಾರಳ ವಾಢವಣೇ’ ಎಂದೇ ಹೇಳುತ್ತಾರೆ. ಹಿಂದಿಯಲ್ಲಿ ದೀಪ ಆರಿಸುವುದು ‘ದಿಯಾ ಬಢಾನಾ’, ದಿನದ ವ್ಯಾಪಾರ ಮುಗಿಸಿ ಅಂಗಡಿ ಮುಚ್ಚುವುದು ‘ದುಕಾನ್ ಬಢಾನಾ’. ತಮಿಳಿನಲ್ಲಿ ತಾಳಿಯ ಹಳೆಯ ದಾರ ತೆಗೆದು ಹೊಸದರಲ್ಲಿ ಪೋಣಿಸುವ ಶಾಸ್ತ್ರಕ್ಕೆ ‘ತಾಲಿ ಪೆರುಕ್ಕುದಲ್’ ಎನ್ನುತ್ತಾರೆ. ಇಲ್ಲಿರುವ ‘ಪೆರುಕ್ಕು’ ಎಂದರೆ ಹೆಚ್ಚಿಸು. ಶಾಲೆಯ ಗುಣಾಕಾರಕ್ಕೂ ಅವರಲ್ಲಿ ಅದೇ ಮಾತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ ಮಾತಿನ ಇನ್ನೊಂದು ಬಳಕೆ. ತಮಿಳರು ಮನೆಯ ಕಸ ಗುಡಿಸುವುದಕ್ಕೂ ‘ಪೆರುಕ್ಕು’ ಎನ್ನುತ್ತಾರೆ. ಕಸವನ್ನು ಹೊರಹಾಕುವ ಕೆಲಸ ಮನೆಯ ಸಿರಿಯನ್ನೂ ಹೊರಹಾಕೀತು ಎಂಬ ಅಂಜಿಕೆ ಆ ಮಾತಿನ ಹಿಂದೆ ಇದ್ದಿರಬಹುದು. ಸಂಜೆಯ ಮೇಲೆ ಕಸ ಗುಡಿಸಬಾರದೆಂಬ ನಮ್ಮ ಅಜ್ಜಿಯ ನಿಯಮದ ಹಿಂದೆ ಇದ್ದದ್ದೂ ಅದೇ ಅಂಜಿಕೆ. ನಮ್ಮಲ್ಲಿಯೂ ಕ್ಷೌರಕ್ಕೆ ‘ಆಯುಷ್ಕರ್ಮ’ ಎಂಬ ಹೆಸರಿದೆ. ಕೂದಲನ್ನು ಕತ್ತರಿಸುವ ಕೆಲಸದ ಹೆಸರಿನಲ್ಲಿ ಆಯುಸ್ಸನ್ನು ಕೂರಿಸಿರುವುದು ಇದೇ ಜಾಡಿನ ಮಾತು.

ರೂಪದ ದೃಷ್ಟಿಯಿಂದಲೂ ತಮಿಳಿನ ‘ಪೆರುಕ್ಕು’ ನಮಗೆ ದೂರದ್ದಲ್ಲ. ಬೆಳೆ ಎಂಬ ಅರ್ಥದ ನಮ್ಮ ‘ಹೆಚ್ಚು’ ಹಳಗನ್ನಡದಲ್ಲಿ ‘ಪೆರ್ಚು’. ಪಾಲು ಹಾಲಾದಂತೆ, ಪೂ ಹೂವಾದಂತೆ ಮೊದಲ ಪಕಾರ ಹಕಾರವಾಗಿ, ನಡುವಿನ ರಕಾರ ಮುಂದಿನ ವ್ಯಂಜನದಲ್ಲಿ ಕರಗಿ ‘ಹೆಚ್ಚು’ ಆಯಿತು. ಹಿರಿದು, ದೊಡ್ಡದು ಎಂಬ ಅರ್ಥದ ‘ಪೆರ್’ ಎಂಬುದೇ ಹೆಬ್ಬಾಗಿಲು, ಹೆಬ್ಬೆರಳು, ಹೆಬ್ಬಾವು, ಹೆಮ್ಮರಗಳಲ್ಲಿಯೂ ಕೃಷ್ಣಾನದಿಯ ಹಳೆಯ ಹೆಸರಾದ ಪೆರ್ದೊರೆಯಲ್ಲಿಯೂ ಇದೆ. ತಮಿಳಿನ ಪೆರುಕು, ಪೆರುಕ್ಕುಗಳ ಬೇರೂ ಅದೇ. ಆದ್ದರಿಂದ ತಮಿಳರ ಕಸಬರಿಕೆಯೂ ನಮ್ಮ ಈಳಿಗೆಮಣೆಯೂ ಒಂದೇ ಬೇರಿನ ಮಾತಿನ ಆಶ್ರಯ ಪಡೆದಿವೆ ಎಂದು ನಂಬುವ ಆಸೆ ನನಗೆ ಬಹಳ ಕಾಲ ಇತ್ತು.

ಆದರೆ ಅದಕ್ಕೆ ಎದುರಾದ ಮೂರು ಸಂಗತಿಗಳನ್ನು ನಾನು ಬದಿಗೆ ಸರಿಸಲಾರೆ.

ಮೊದಲನೆಯದು ಕ್ರಿಯಾಪದದ ನಡವಳಿಕೆ. ಬೆಳೆ ಎಂಬ ಅರ್ಥದ ‘ಹೆಚ್ಚು’ ಅಕರ್ಮಕ: ಮಳೆ ಹೆಚ್ಚಿತು, ಸಾಲ ಹೆಚ್ಚಿತು. ಸಕರ್ಮಕವಾಗಬೇಕಾದರೆ ಅದು ‘ಹೆಚ್ಚಿಸು’ ಆಗಬೇಕು: ಬೆಲೆಯನ್ನು ಹೆಚ್ಚಿಸಿದರು. ತರಕಾರಿಯ ‘ಹೆಚ್ಚು’ ಹುಟ್ಟಾ ಸಕರ್ಮಕ: ಅತ್ತಿಗೆ ಬದನೆಕಾಯಿ ಹೆಚ್ಚಿದರು. ‘ಬದನೆಕಾಯಿ ಹೆಚ್ಚಿಸಿದರು’ ಎಂದರೆ ಬೇರೆಯವರ ಕೈಯಲ್ಲಿ ಹೆಚ್ಚುವ ಕೆಲಸ ಮಾಡಿಸಿದರು ಎಂದಾಗುತ್ತದೆಯೇ ಹೊರತು ಬದನೆಕಾಯಿಯನ್ನು ಅಧಿಕಗೊಳಿಸಿದರು ಎಂದಾಗುವುದಿಲ್ಲ. ಒಡೆ, ಮುರಿ ಮುಂತಾದ ಧಾತುಗಳು ಎರಡೂ ಬಗೆಯಲ್ಲಿ ನಡೆಯುತ್ತವೆ, ಮಡಕೆ ಒಡೆಯಿತು ಮತ್ತು ಮಡಕೆಯನ್ನು ಒಡೆದ ಎರಡೂ ಸರಿ, ಹಾಗಿರುವಾಗ ‘ಹೆಚ್ಚು’ ಕೂಡ ಹಾಗೆ ನಡೆಯಬಾರದೇಕೆ ಎಂದು ಯಾರಾದರೂ ಕೇಳಬಹುದು. ಆದರೆ ‘ತರಕಾರಿ ಹೆಚ್ಚಿತು’ ಎಂದು ಹೇಳಿ ತರಕಾರಿ ತಾನಾಗಿ ಹೋಳಾಯಿತು ಎಂಬ ಅರ್ಥವನ್ನು ಯಾರೂ ಪಡೆಯುವುದಿಲ್ಲ. ಅಜ್ಜಿಯ ‘ಬಳೆ ಹೆಚ್ಚಿತು’ ಮಾತ್ರ ಸ್ಪಷ್ಟವಾಗಿ ಅಕರ್ಮಕ. ಅದು ಬೆಳೆಯುವ ‘ಹೆಚ್ಚು’ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎರಡನೆಯದು ತೆಲುಗು. ಅಲ್ಲಿ ತರಕಾರಿ ಹೆಚ್ಚುವುದಕ್ಕೆ ‘ತರುಗು’ ಎನ್ನುತ್ತಾರೆ. ಆ ಭಾಷೆಯಲ್ಲಿ ‘ತರುಗು’ ಎಂಬುದಕ್ಕೆ ಕಡಿಮೆಯಾಗು, ಸವೆ, ನಷ್ಟವಾಗು ಎಂಬ ಅರ್ಥವೂ ಇದೆ. ಚಿನ್ನದ ಕೆಲಸದಲ್ಲಿ ಕಳೆದುಹೋಗುವ ತೂಕಕ್ಕೂ ಅವರು ‘ತರುಗು’ ಎನ್ನುತ್ತಾರೆ. ಅಕ್ಕಿ ಮುಗಿದರೆ ತುಂಬಿತು ಎನ್ನುವಷ್ಟು ಮಾತಿನಲ್ಲಿ ಎಚ್ಚರವಿರುವ ಜನ, ಅದೇ ಅಡುಗೆಮನೆಯಲ್ಲಿ ತರಕಾರಿಯನ್ನು ‘ಕಡಿಮೆಯಾಗು’ ಎಂಬ ಮಾತಿನಿಂದಲೇ ಹೋಳು ಮಾಡುತ್ತಾರೆಂದರೆ, ತರಕಾರಿ ಹೋಳಾಗುವುದನ್ನು ಅವರು ಅಮಂಗಳವೆಂದು ಎಣಿಸಿಯೇ ಇಲ್ಲ ಎಂದಾಯಿತು. ನಮ್ಮವರು ಮಾತ್ರ ಏಕೆ ಎಣಿಸಬೇಕು?

ಮೂರನೆಯ ಸಂಗತಿ ನಮ್ಮ ಮನೆಯದೇ. ನಮ್ಮಲ್ಲಿ ಹೆಂಗಸರು ಇಡೀ ಕುಂಬಳಕಾಯಿಯನ್ನು ಮೊದಲು ಒಡೆಯುವಂತಿರಲಿಲ್ಲ. ಗಂಡಸರು ಹೊಲಕ್ಕೆ ಹೋಗಿದ್ದರೆ ನನ್ನನ್ನೇ ಕರೆದು, “ಬಾರೋ, ಕುಂಬಳಕಾಯಿಗೆ ಒಂದು ಏಟು ಹಾಕಿ ಒಡೆದುಕೊಡು, ಆಮೇಲೆ ನಾವು ಹೆಚ್ಕೋತೀವಿ” ಎನ್ನುತ್ತಿದ್ದರು. ಮನೆಗೆ ನಾನೊಬ್ಬನೇ ಗಂಡಸು ಎಂಬ ಹಿಗ್ಗಿನಿಂದ ಎರಡು ಕೈಯಲ್ಲಿ ಮಚ್ಚು ಎತ್ತುತ್ತಿದ್ದೆ. ಈ ಒಂದೇ ವಾಕ್ಯವನ್ನು ಗಮನಿಸಬೇಕೆಂದು ಕೋರುತ್ತೇನೆ. ಅಷ್ಟೊಂದು ನಿಷೇಧ ಸುತ್ತಿಕೊಂಡಿರುವ ಕೆಲಸಕ್ಕೆ ಅಜ್ಜಿ ಯಾವ ಅಳುಕೂ ಇಲ್ಲದೆ ‘ಒಡೆ’ ಎಂದರು. ಯಾವ ನಿಷೇಧವೂ ಇಲ್ಲದ, ಆಮೇಲಿನ ಸಣ್ಣ ಹೋಳಿನ ಕೆಲಸಕ್ಕೆ ‘ಹೆಚ್ಚು’ ಎಂದರು. ಮಂಗಳವನ್ನು ಬಯಸಿ ಮಾತನ್ನು ತಿರುಗಿಸುವ ಅಗತ್ಯವಿದ್ದುದು ಮೊದಲಿನ ಏಟಿಗೆ. ದೇವರ ಮುಂದೆಯೂ ಅವರು ಕಾಯಿ ‘ಒಡೆಸು’ತ್ತಿದ್ದರು, ಮರಾಠಿಯವರಂತೆ ಬೆಳೆಸುತ್ತಿರಲಿಲ್ಲ. ಹಾಗೆ ನೋಡಿದರೆ ಒಡೆಯುವ, ಕಡಿಯುವ, ಆರುವ, ಮುಗಿಯುವ ಸಂಗತಿಗಳಲ್ಲಿ ಅಜ್ಜಿ ಮಾತನ್ನು ತಿರುಗಿಸುತ್ತಿದ್ದುದು ಬಳೆ, ತಾಳಿ, ದೀಪ, ಅಕ್ಕಿ ಇವಿಷ್ಟಕ್ಕೆ ಮಾತ್ರ. ಮುತ್ತೈದೆತನಕ್ಕೂ ಮನೆಯ ಸಮೃದ್ಧಿಗೂ ಗುರುತಾಗಿ ನಿಂತ ವಸ್ತುಗಳು ಅವು. ಬಳೆ ಒಡೆಯುವುದೆಂದರೆ ಗಂಡ ತೀರಿಕೊಂಡ ಹೆಂಗಸಿಗೆ ಮಾಡುತ್ತಿದ್ದ ಕ್ರೂರ ಶಾಸ್ತ್ರದ ಹೆಸರಾಗಿದ್ದ ಕಾಲದವರು ಅವರು. ಆ ಮಾತು ಮಕ್ಕಳ ಬಾಯಲ್ಲಿ ಬಂದಾಗ ಅವರು ಬೆಚ್ಚಿದ್ದು ಏಕೆಂದು ನನಗೆ ಈಗ ಅರ್ಥವಾಗುತ್ತದೆ.

ಆದ್ದರಿಂದ ನನ್ನ ಸದ್ಯದ ಒಲವು ಇದು: ತರಕಾರಿಯ ‘ಹೆಚ್ಚು’ ಬೇರೆಯದೇ ಧಾತು, ಬೆಳೆಯುವ ‘ಹೆಚ್ಚು’ ಪೆರ್ಚಿನಿಂದ ಬಂದದ್ದು, ರೂಪ ಒಂದೇ ಆದ್ದರಿಂದ ಮನೆಮಂದಿಯ ಕಿವಿ ಅವೆರಡನ್ನೂ ಒಂದುಗೂಡಿಸಿತು, ಒಂದುಗೂಡಿದ್ದರಿಂದಲೇ ‘ಕತ್ತರಿಸು’ ಎಂಬುದು ಅಜ್ಜಿಯ ಬಾಯಿಗೆ ಒರಟಾಯಿತು. ‘ಕೊಚ್ಚು’ ಎಂಬುದೇ ‘ಹೆಚ್ಚು’ ಆಗಿರಬಹುದೆಂದು ಕೆಲವರು ಮಾತಿನ ನಡುವೆ ಸೂಚಿಸಿದ್ದಾರೆ. ಆದರೆ ಅಚ್ಚಗನ್ನಡ ಪದಗಳ ಮೊದಲ ಹಕಾರ ಸಾಮಾನ್ಯವಾಗಿ ಪಕಾರದಿಂದ ಬಂದದ್ದು, ಕಕಾರದಿಂದ ಅಲ್ಲ. ಒಕಾರ ಎಕಾರವಾದದ್ದನ್ನೂ ವಿವರಿಸಬೇಕಾಗುತ್ತದೆ. ಹಾಗಾಗಿ ಅದನ್ನು ನಾನು ಒಪ್ಪಲಾರೆ.

ಈ ಒಲವನ್ನು ಗಟ್ಟಿ ಮಾಡಲು ಅಥವಾ ಮುರಿಯಲು ಎರಡು ಬಗೆಯ ಮಾಹಿತಿ ಬೇಕು. ತರಕಾರಿಯನ್ನೋ ಮತ್ತೇನನ್ನೋ ಹೋಳು ಮಾಡು ಎಂಬ ಅರ್ಥದಲ್ಲಿ ಈ ಧಾತು ಹಳಗನ್ನಡ, ನಡುಗನ್ನಡದ ಗ್ರಂಥಗಳಲ್ಲಿ ಯಾವ ರೂಪದಲ್ಲಿ ಬಂದಿದೆ? ರಕಾರ ಸಹಿತವಾಗಿ ‘ಪೆರ್ಚು’ ಎಂದೇ ಬಂದಿದ್ದರೆ ನನ್ನ ವಾದ ಬೀಳುತ್ತದೆ. ರಕಾರವಿಲ್ಲದೆ ಬಂದಿದ್ದರೆ ನಿಲ್ಲುತ್ತದೆ. ಪ್ರಯೋಗವನ್ನು ಪದ್ಯದ ಸಾಲಿನ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ. ಪಾಕಶಾಸ್ತ್ರದ ಹಳೆಯ ಗ್ರಂಥಗಳನ್ನು ಓದಿದವರ ಕಣ್ಣಿಗೆ ಇದು ಬಿದ್ದಿರುವ ಸಂಭವ ಹೆಚ್ಚು.

ಎರಡನೆಯದು ನಿಮ್ಮ ನಿಮ್ಮ ಮನೆಯ ಹಿರಿಯರ ಮಾತು. ಧಾರವಾಡಕ್ಕೆ ಕೊಟ್ಟಿದ್ದ ನಮ್ಮ ಸೋದರತ್ತೆ ಬೇಸಿಗೆಯಲ್ಲಿ ತವರಿಗೆ ಬಂದಾಗ, ರಾತ್ರಿ ದೇವರ ಮನೆಯ ದೀಪವನ್ನು ಬಾಯಿಂದ ಊದದೆ ಹೂವಿನ ತುದಿಯಿಂದ ಬತ್ತಿಯನ್ನು ಎಣ್ಣೆಗೆ ಸರಿಸುತ್ತ “ದೀಪಾ ದೊಡ್ಡದು ಮಾಡಿದೆ” ಎನ್ನುತ್ತಿದ್ದರು. ನಮ್ಮ ಅಜ್ಜಿ ಅದನ್ನೇ “ಶಾಂತ ಮಾಡಿದೆ” ಎನ್ನುತ್ತಿದ್ದರು. ಧಾರವಾಡದ ಕಡೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದದ್ದರಿಂದ ಅತ್ತೆಯ ಮಾತಿನಲ್ಲಿ ಮರಾಠಿಯ ನೆರಳಿದೆ ಎಂದು ಹೇಳಿಬಿಡುವುದು ಸುಲಭ. ಆದರೆ ಹಾಸನದ ಹಳ್ಳಿ ಬಿಟ್ಟು ಹೊರಗೆ ಹೋಗದ ಅಜ್ಜಿಯ ‘ಬಳೆ ಹೆಚ್ಚಿತು’ ಎಂಬುದಕ್ಕೆ ಆ ವಿವರಣೆ ಒದಗುವುದಿಲ್ಲ. ಮೆಟ್ಟುಗತ್ತಿಯ ಮೇಲೆ ತರಕಾರಿ ‘ಕೊರೆ’ಯುವ ಕರಾವಳಿಯ ಮನೆಗಳಲ್ಲಿ ಒಡೆದ ಬಳೆಗೆ ಏನೆನ್ನುತ್ತಿದ್ದರು? ತರಕಾರಿಗೆ ‘ಹೆಚ್ಚು’ ಬಳಸದ ಆ ಸೀಮೆಯಲ್ಲಿಯೂ ಬಳೆ ‘ಹೆಚ್ಚುತ್ತಿತ್ತು’ ಎಂದಾದರೆ, ಅಡುಗೆಮನೆಯ ಮಾತಿಗೂ ಬಳೆಯ ಮಾತಿಗೂ ಹುಟ್ಟಿನಲ್ಲಿ ಸಂಬಂಧವಿಲ್ಲವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಊರು ಅಥವಾ ತಾಲ್ಲೂಕಿನ ಹೆಸರನ್ನೂ ಹಿರಿಯರು ಆಡುತ್ತಿದ್ದ ವಾಕ್ಯವನ್ನು ಆಡಿದ ಹಾಗೆಯೇ, ತಿದ್ದದೆ, ಬರೆದು ತಿಳಿಸಬೇಕೆಂದು ವಿನಂತಿಸುತ್ತೇನೆ.