ಫೋಟೊದಲ್ಲಿ ಗಡ್ಡ ಎಲ್ಲಿದೆ ದೊಡ್ಡಪ್ಪ?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು 'ಹಳೇಮನೆ'. ಕಳೆದ ಭಾನುವಾರ ಅಲ್ಲಿ ನಡೆದದ್ದು ಇದು. ನಡುನಡುವೆ ಬಂದ ಹೂವಿನ ಗುಡ್ ಮಾರ್ನಿಂಗ್‌ಗಳನ್ನೂ ಅತ್ತೆಯ ಎರಡು ವಾಯ್ಸ್ ನೋಟುಗಳನ್ನೂ ತೆಗೆದಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿರುವ ಹಾಗೇ ಇವೆ.

ದೊಡ್ಡಪ್ಪ: (ಫೋಟೊ) ನಿಮಗೆ ಗೊತ್ತೇ?? ರಾಕ್ ಎನ್ ರೋಲ್ ದೊರೆ ಎಲ್ವಿಸ್ ಪ್ರೀಸ್ಲಿ ಒಂದೇ ಒಂದು ಚಿತ್ರದಲ್ಲಿ ತೆರೆಯ ಮೇಲೆ ಹಾಡಲಿಲ್ಲ! 1969ರ 'ಚಾರೋ!' ಗಡ್ಡ ಬಿಟ್ಟು, ಪಿಸ್ತೂಲು ಹಿಡಿದು ನಿಂತ ಗಾಯಕನೊಳಗಿನ ನಟ!! ತಪ್ಪದೇ ಹಂಚಿಕೊಳ್ಳಿ

ದೊಡ್ಡಪ್ಪ: ಇದನ್ನ ನಾನು ಬೆಂಗಳೂರಲ್ಲಿ ಓದುವಾಗ ನೋಡಿದ್ದೆ. ಪ್ಲಾಜಾನೋ ಇನ್ಯಾವ್ದೋ ಟಾಕೀಸು. ಹಾಡುಗಾರ ಸೀರಿಯಸ್ಸಾಗಿ ಪಾತ್ರ ಮಾಡಿದ್ರೆ ಹೀಗ್ ಮಾಡ್ಬೇಕು.

ನಾನು: ಫೋಟೊದಲ್ಲಿ ಗಡ್ಡ ಎಲ್ಲಿದೆ ದೊಡ್ಡಪ್ಪ?

ಸಾಗರದ ಅತ್ತೆ: ಹೌದಲ್ವಾ! ನುಣ್ಣಗೆ ಬೋಳಿಸಿದಾನೆ. ಮೂರು ಜನ ಬೇರೆ ಇದಾರೆ.

ನಾನು: ಮೂರು ಜನ ಅಲ್ಲ ಅತ್ತೆ, ಒಬ್ಬನೇ. ಅದು ಅಮೆರಿಕದ ಕಲಾವಿದ ಆಂಡಿ ವಾರ್‌ಹಾಲ್ ಮಾಡಿದ ಚಿತ್ರ, 1963ರದ್ದು. ಒಂದೇ ಫೋಟೊವನ್ನ ಬೆಳ್ಳಿ ಬಣ್ಣದ ಬಟ್ಟೆ ಮೇಲೆ ಮೂರು ಸಲ ಅಚ್ಚು ಹಾಕಿರೋದು. 2014ರಲ್ಲಿ ಹರಾಜಲ್ಲಿ 8 ಕೋಟಿ ಡಾಲರ್‌ಗೂ ಜಾಸ್ತಿಗೆ ಹೋಯ್ತು. ಆ ಮೂಲ ಫೋಟೊ 'ಚಾರೋ'ದ್ದಲ್ಲ, 1960ರ 'ಫ್ಲೇಮಿಂಗ್ ಸ್ಟಾರ್' ಸಿನಿಮಾದ್ದು. ಅದೂ ವೆಸ್ಟರ್ನೇ, ಅಂದ್ರೆ ಕುದುರೆ ಪಿಸ್ತೂಲಿನ ಕೌಬಾಯ್ ಸಿನಿಮಾ. ನನ್ನ ಕೇಳಿದ್ರೆ ಅವನು ನಿಜವಾಗ್ಲೂ ನಟಿಸಿದ್ದು ಅದ್ರಲ್ಲೇ.

ಸಾಗರದ ಅತ್ತೆ: 8 ಕೋಟಿ ಡಾಲರಾ! ನಮ್ಮ ಅಟ್ಟದ ಮೇಲೂ ಒಂದಷ್ಟು ಹಳೇ ಫೋಟೊ ಇದೆ ಮಾರಾಯ.

ದೊಡ್ಡಪ್ಪ: ಅದರಲ್ಲಿ ಹಾಡಿದಾನಲ್ಲ? ಹಾಡಿದ ಮೇಲೆ ಸೀರಿಯಸ್ ಎಲ್ಲಿಂದ ಬಂತು.

ನಾನು: ಎರಡೇ ಹಾಡು. ಒಂದು ಟೈಟಲ್ ಬರುವಾಗ, ಇನ್ನೊಂದು ಮನೇಲಿ ಅಣ್ಣನ ಹುಟ್ಟಿದಹಬ್ಬದ ದಿನ. ಶುರುವಿನಲ್ಲೇ ಎರಡೂ ಮುಗಿಯುತ್ತೆ. ಆಮೇಲೆ ಗಿಟಾರ್ ಮುಟ್ಟೋದೇ ಇಲ್ಲ.

ಮೈಸೂರು ಮಾವ: ನಾನು ಇಪ್ಪತ್ತೈದು ವರ್ಷ ಕ್ಯಾಸೆಟ್ ಅಂಗಡಿ ಇಟ್ಟೋನು, ಒಂದ್ ಮಾತು ಹೇಳ್ತೀನಿ. ಹಾಡೋನು ಹಾಡ್ಬೇಕು. ಜನ ದುಡ್ಡು ಕೊಡೋದು ಗಂಟಲಿಗೆ.

ನಾನು: ಮಾವ, ಅವನ ಮ್ಯಾನೇಜರ್ ಟಾಮ್ ಪಾರ್ಕರ್ ಲೆಕ್ಕಾನೂ ಇದೇ ಆಗಿತ್ತು. 1960ರ ಮಾರ್ಚಲ್ಲಿ ಎಲ್ವಿಸ್ ಮಿಲಿಟರಿಯಿಂದ ವಾಪಸ್ ಬಂದ. ನವೆಂಬರಲ್ಲಿ 'ಜಿ.ಐ. ಬ್ಲೂಸ್', ತುಂಬ ಹಾಡು, ಭರ್ಜರಿ ಓಟ. ಡಿಸೆಂಬರಲ್ಲಿ 'ಫ್ಲೇಮಿಂಗ್ ಸ್ಟಾರ್', ಅಷ್ಟು ಓಡ್ಲಿಲ್ಲ. ಮಾರನೇ ವರ್ಷ 'ಬ್ಲೂ ಹವಾಯಿ', ಮತ್ತೆ ಹಾಡೋ ಹಾಡು. ಅದರ ಎಲ್‌ಪಿ ರೆಕಾರ್ಡು 20 ವಾರ ಅಮೆರಿಕದ ಮಾರಾಟದ ಪಟ್ಟೀಲಿ ಮೊದಲನೇ ಜಾಗ ಬಿಟ್ಟು ಕದಲಲಿಲ್ಲ.

ಮೈಸೂರು ಮಾವ: ನೋಡಿದ್ಯಾ! 20 ವಾರ! ಅಂಥ ಒಂದು ಕ್ಯಾಸೆಟ್ ಸಿಕ್ಕಿದ್ರೆ ನಾನು ಅಂಗಡಿ ಮುಚ್ತಾನೇ ಇರ್ಲಿಲ್ಲ.

ನಾನು: ನೋಡಿದೆ ಮಾವ. ಅವನನ್ನ ಕೆಡಿಸಿದ್ದೇ ಅದು. ಒಟ್ಟು 31 ಕಥಾಚಿತ್ರ. ಬಹಳಷ್ಟರಲ್ಲಿ ಸಮುದ್ರ, ಕಾರು, ಹುಡುಗಿ, ಹಾಡು. ಕಥೆ ಬರೀ ಹಾಡು ನೇತುಹಾಕೋ ಹ್ಯಾಂಗರು.

ದೊಡ್ಡಪ್ಪ: ಅದಕ್ಕೇ ಹೇಳಿದ್ದು. ಚಾರೋದಲ್ಲಿ ಹಾಡು ಬಿಟ್ಟ, ಬಚಾವಾದ.

ನಾನು: ಎಲ್ಲಿ ಬಚಾವಾದ? ಮೊನ್ನೆ ಮತ್ತೆ ಹಾಕ್ಕೊಂಡು ನೋಡಿದೆ. ಚಿನ್ನ ಬೆಳ್ಳಿ ಹಚ್ಚಿದ ಮೆಕ್ಸಿಕೋದ ಫಿರಂಗೀನ ಯಾರೋ ಕದೀತಾರೆ, ತಪ್ಪು ಇವನ ತಲೆ ಮೇಲೆ ಬರುತ್ತೆ, ಕತ್ತಿಗೆ ಬರೆ ಹಾಕ್ತಾರೆ. ಅಷ್ಟಾಗಿಯೂ ಮುಖದಲ್ಲಿ ಒಂದೇ ಭಾವ, ಬಸ್ ತಪ್ಪಿಸಿಕೊಂಡೋನ ಥರ. ಗಡ್ಡ ಬಿಟ್ಟಿದ್ದು, ಹಾಡು ಬಿಟ್ಟಿದ್ದು, ಎರಡೇ ಅಲ್ಲಿ ಅಭಿನಯ. ಅಷ್ಟಕ್ಕೂ ಟೈಟಲ್ ಹಾಡು ಅವನ ದನಿಯಲ್ಲೇ ಇದೆ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಅಮ್ಮ: ಭಾವನವರ ಹತ್ರ ಸರಿಯಾಗಿ ಮಾತಾಡೋ.

ನಾನು: ಸರಿಯಾಗೇ ಮಾತಾಡ್ತಿದೀನಲ್ಲಮ್ಮ.

ಪುಣೆ ಪುಟ್ಟಿ: ಅಪ್ಪ, ಅಳಿಸಿದ್ದು ಏನು? ನಾನು ಓದಿಬಿಟ್ಟೆ 😂 ಫ್ಲೇಮಿಂಗ್ ಸ್ಟಾರ್ ನಾನೂ ನೋಡಿದೀನಿ. ಅಣ್ಣ ಹೇಳೋದು ಅರ್ಧ ನಿಜ. ಎಲ್ವಿಸ್ ಪಾತ್ರದ ಹೆಸರು ಪೇಸರ್. ಅಪ್ಪ ಬಿಳಿಯ, ಅಮ್ಮ ಅಮೆರಿಕದ ಮೂಲನಿವಾಸಿಗಳಾದ ಕಯೋವಾ ಬುಡಕಟ್ಟಿನೋಳು. ಆ ಅಮ್ಮನ ಪಾತ್ರ ಮಾಡಿದ್ದು ಡೊಲೊರೆಸ್ ಡೆಲ್ ರಿಯೊ, ಮೆಕ್ಸಿಕೋದೋರು. ಮಗ ಎಲ್ವಿಸ್, ಮಿಸಿಸಿಪ್ಪಿಯಲ್ಲಿ ಹುಟ್ಟಿದೋನು. ಕಯೋವಾ ಜನರ ಸಂಕಟದ ಕಥೆ, ಕಯೋವಾದೋರು ಮಾತ್ರ ದೊಡ್ಡ ಪಾತ್ರದಲ್ಲಿ ಇಲ್ಲ. ಸೀರಿಯಸ್ ಅಂತ ಕರೆಯೋಕೆ ಮುಂಚೆ ಅದನ್ನೂ ನೋಡ್ಬೇಕಲ್ವಾ?

ನಾನು: ಒಪ್ಪಿದೆ. ಆ ಪಾತ್ರಕ್ಕೆ ಮೊದಲು ಯೋಚನೆ ಮಾಡಿದ್ದು ಮಾರ್ಲನ್ ಬ್ರಾಂಡೋನ. ಅಂದ್ರೆ ಸಿನಿಮಾ ಮಾಡ್ದೋರ ತಲೇಲಿ ಮೊದಲಿಂದ್ಲೂ ಸ್ಟಾರ್ ಲೆಕ್ಕಾನೇ. ಆದ್ರೂ ಕೇಳು ಪುಟ್ಟಿ, ಎಲ್ವಿಸ್‌ಗೆ ಅಲ್ಲಿ ಸಿಕ್ಕಿದ್ದು ಅವನಿಗೆ ಗೊತ್ತಿದ್ದ ಒಂದು ಸ್ಥಿತಿ. ಕಯೋವಾದೋರು ನಮ್ ಕಡೆ ಬಾ ಅಂತಾರೆ. ನಿನ್ನೆವರೆಗೂ ಊಟಕ್ಕೆ ಬರ್ತಿದ್ದ ಬಿಳಿಯರು ಯಾವ ಕಡೆ ಹೇಳು ಅಂತ ಮನೆ ಮುಂದೆ ಬಂದು ನಿಲ್ತಾರೆ. ಅವನು ಮಾತೇ ಆಡಲ್ಲ, ದವಡೆ ಬಿಗೀತಾನೆ ಅಷ್ಟೆ. ನಿರ್ದೇಶಕ ಡಾನ್ ಸೀಗಲ್‌ಗೆ ಇವನ ಕೈಲಿ ಉದ್ದ ಡೈಲಾಗ್ ಹೇಳಿಸ್ಬಾರ್ದು ಅಂತ ಗೊತ್ತಿತ್ತು ಅನ್ಸುತ್ತೆ. ಹನ್ನೊಂದು ವರ್ಷ ಬಿಟ್ಟು 'ಡರ್ಟಿ ಹ್ಯಾರಿ' ಮಾಡಿದ್ದೂ ಆತನೇ. ಮಾತು ಕಡಿಮೆ ಇರೋ ಗಂಡಸನ್ನ ಹೇಗೆ ನಿಲ್ಲಿಸ್ಬೇಕು ಅನ್ನೋದು ಕರತಲಾಮಲಕ.

ಸಾಗರದ ಅತ್ತೆ: ಆ ಅಮ್ಮ ಏನಾಗ್ತಾಳೆ ಕೊನೆಗೆ?

ಪುಣೆ ಪುಟ್ಟಿ: ಗುಂಡೇಟು ಬಿದ್ದು ಸಾಯ್ತಾಳೆ ಅತ್ತೆ. ಜೀವ ಹೋಗೋ ಮುಂಚೆ ಮನೆಯಿಂದ ಎದ್ದು ಗಾಳೀಲಿ ನಡ್ಕೊಂಡು ಹೋಗ್ತಾಳೆ. ಆ ಸೀನ್ ಬಗ್ಗೆ ನನ್ನ ತಕರಾರಿಲ್ಲ.

ಮೈಸೂರು ಮಾವ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಹಾಡಿದ್ರೆ ನಟನೆ ಕೆಡುತ್ತೆ ಅಂತ ಯಾರ್ ಹೇಳಿದ್ದು? ನಮ್ ಅಣ್ಣಾವ್ರು ಗುಬ್ಬಿ ಕಂಪನಿಯಲ್ಲಿ ಬೆಳೆದೋರು. ಅಲ್ಲಿ ಹಾಡು ಬರದೇ ಇದ್ರೆ ಪಾತ್ರವೇ ಇಲ್ಲ. 1974ರಲ್ಲಿ 'ಸಂಪತ್ತಿಗೆ ಸವಾಲ್' ಸಿನಿಮಾದಲ್ಲಿ ಎಮ್ಮೆ ಮೇಲೆ ಕೂತು ಹಾಡಿದ್ರು. ನಟನೆ ಏನು ಕೆಟ್ಟೋಯ್ತಾ? ಇನ್ನು ಎಸ್‌ಪಿಬಿ 'ಮುದ್ದಿನ ಮಾವ' ಮಾಡಿದಾಗ ಅವರಿಗೆ ದನಿ ಕೊಟ್ಟಿದ್ದು ಅಣ್ಣಾವ್ರು! ಗಾಯಕನಿಗೇ ನಟ ಹಾಡಿದ್ದು. ಇದನ್ನ ಅಮೆರಿಕದೋರು ಮಾಡ್ಲಿ ನೋಡೋಣ.

ದೊಡ್ಡಪ್ಪ: ಅಣ್ಣಾವ್ರನ್ನ ಇಲ್ಲಿಗೆ ಎಳೀಬೇಡ. ಆ ಮಾತೇ ಬೇರೆ.

ನಾನು: ಇಲ್ಲ ದೊಡ್ಡಪ್ಪ, ಮಾವ ಹೇಳಿದ್ರಲ್ಲಿ ಹುರುಳಿದೆ. ವೆಸ್ಟರ್ನಲ್ಲೇ ಅದಕ್ಕೆ ಉದಾಹರಣೆ ಇದೆ. 1959ರ 'ರಿಯೊ ಬ್ರಾವೊ'. ಡೀನ್ ಮಾರ್ಟಿನ್ ಹಾಡುಗಾರ, ರಿಕಿ ನೆಲ್ಸನ್ ಹಾಡುಗಾರ. ಜೈಲೊಳಗೆ ಸಿಕ್ಕಿಕೊಂಡಿದಾರೆ, ಹೊರಗೆ ಕೊಲೆಗಡುಕರು ಕಾಯ್ತಿದಾರೆ. ಆಗ ಕಥೆ ನಿಲ್ಲಿಸಿ ಇಬ್ರೂ ಹಾಡ್ತಾರೆ. ಜಾನ್ ವೇಯ್ನ್ ಕಾಫಿ ಲೋಟ ಹಿಡ್ಕೊಂಡು ನಗ್ತಾ ನಿಂತಿರ್ತಾನೆ. ಅದೇ ಸಿನಿಮಾದಲ್ಲಿ ಮಾರ್ಟಿನ್ ಕುಡಿತ ಬಿಡೋಕೆ ಒದ್ದಾಡೋ ಡೆಪ್ಯುಟಿ, ಗ್ಲಾಸಿಗೆ ಸುರಿದಿದ್ದನ್ನ ವಾಪಸ್ ಬಾಟ್ಲಿಗೆ ಹಾಕೋವಾಗ ಕೈ ನೋಡಿ, ನಡುಕ ನಿಂತಿರುತ್ತೆ, ಒಂದು ಹನಿ ಚೆಲ್ಲಲ್ಲ. ಹಾಡಿದಾನೆ ಅಂತ ಆ ಕೈಯ ಅಭಿನಯ ಸುಳ್ಳಾಗ್ಲಿಲ್ಲ. ಹಾಡೋ ಗಳಿಗೆಗೆ ಒಂದು ಕಾರಣ ಇತ್ತು, ಅಷ್ಟೇ. ನಾನು ಹೇಳ್ತಿರೋದೂ ಇದೇ: ಫ್ಲೇಮಿಂಗ್ ಸ್ಟಾರ್‌ನಲ್ಲಿ ಎರಡು ಹಾಡಿದ್ರೂ ಅವನು ನಟ, ಚಾರೋದಲ್ಲಿ ತೆರೆ ಮೇಲೆ ಒಂದೂ ಇಲ್ಲದಿದ್ರೂ ಅಲ್ಲ.

ದೊಡ್ಡಪ್ಪ: ನೀನು ಹುಟ್ಟಿರಲಿಲ್ಲ ಆಗ.

ನಾನು: ರಾಮಾಯಣ ನಡೆದಾಗ ನೀವೂ ಹುಟ್ಟಿರಲಿಲ್ಲ ದೊಡ್ಡಪ್ಪ.

ಅಮ್ಮ: 😡

ಮೈಸೂರು ಮಾವ: 😂😂😂

ಸಾಗರದ ಅತ್ತೆ: ಅಣ್ಣ ಆಗ ಎಲ್ವಿಸ್ ಥರ ತಲೆ ಬಾಚ್ಕೊಂಡು ಊರಿಗೆ ಬಂದಿದ್ದು, ಅಪ್ಪಯ್ಯ ಕ್ಷೌರದವನನ್ನ ಮನೆಗೇ ಕರೆಸಿದ್ದು, ಇದನ್ನೂ ಹೇಳ್ಲಾ?

ದೊಡ್ಡಪ್ಪ: ಬೇಡ.

(ಆಮೇಲೆ ಮಧ್ಯಾಹ್ನ ಪೂರ್ತಿ ಗುಂಪು ಮೌನ. ರಾತ್ರಿ 11.40ಕ್ಕೆ ಮತ್ತೆ ಟಿಂಗ್ ಅಂತು.)

ದೊಡ್ಡಪ್ಪ: ಪುಟ್ಟಿ ಫ್ಲೇಮಿಂಗ್ ಸ್ಟಾರ್ ಹಾಕಿಕೊಟ್ಳು. ಪೂರ್ತಿ ನೋಡಿದೆ.

ದೊಡ್ಡಪ್ಪ: ಕೊನೇಲಿ ಗಾಯ ಆದೋನು ಕುದುರೆ ಹತ್ತಿ ಅಣ್ಣನಿಗೆ ಎರಡು ಮಾತು ಹೇಳಿ ಸಾಯೋಕೆ ಒಬ್ನೇ ಬೆಟ್ಟದ ಕಡೆ ಹೋಗ್ತಾನಲ್ಲ. ಅಲ್ಲಿ ಹಾಡು ಹಾಕಿಲ್ಲ. ನಮ್ಮೋರಾಗಿದ್ರೆ ಹಾಕಿರೋರು.

ನಾನು: ಹಾಗಾದ್ರೆ ಒಪ್ಕೊಂಡ್ರಾ?

ದೊಡ್ಡಪ್ಪ: ಸಿನಿಮಾ ಒಪ್ಪಿದೆ. ಗಡ್ಡದ ವಿಷಯ ಇನ್ನೂ ಬಾಕಿ ಇದೆ. ಬೆಳಿಗ್ಗೆ ಮಾತಾಡ್ತೀನಿ.

ಸಾಗರದ ಅತ್ತೆ: ಅಣ್ಣ, ಮಲಗೋ. ಬಿಪಿ ಮಾತ್ರೆ ತಗೊಂಡ್ಯಾ?